ಬಿಸಿನೀರಿಗೆ ಬಿದ್ದ ಮಂತ್ರಿ

‘ಮಂತ್ರಿಗಳು ಬಿಸಿನೀರಿಗೆ ಬಿದ್ದಿದ್ದಾರೆ’ ಎಂದು ಇಂಗ್ಲಿಷನ್ನು ಪದಶಃ ಇಳಿಸುವ ಭಾಷಾಂತರಕಾರ ಮಹಾಶಯರಿಗೆ ಒಂದು ಪ್ರಶ್ನೆ: ಬಿದ್ದರೆ ಕೆಟ್ಟದ್ದೇನು? ನೀರು ತುಂಬುವ ಹಬ್ಬದ ಮರುದಿನ ಮೈಗೆ ಎಣ್ಣೆ ತಿಕ್ಕಿಕೊಂಡು ಹಂಡೆಯ ಬಿಸಿನೀರು ಸುರಿದುಕೊಳ್ಳುವುದು ನಮ್ಮಲ್ಲಿ ಸುಖದ ಪರಮಾವಧಿ. ಇಂಗ್ಲಿಷಿನಲ್ಲಿ ಅದು ಸಂಕಟವಾಗಿರಬಹುದು. ಕನ್ನಡದ ಮಂತ್ರಿ ಪೇಚಿಗೇ ಸಿಕ್ಕಬೇಕು.

ಇಂಗ್ಲಿಷಿನ ‘ಹಾಟ್’ ಏಕೋಪಾಧ್ಯಾಯ ಶಾಲೆಯ ಮೇಷ್ಟರಂತೆ ಎಲ್ಲ ತರಗತಿಗಳನ್ನೂ ತಾನೇ ನೋಡಿಕೊಳ್ಳುತ್ತದೆ. ಕಾಫಿಗೂ ಅದೇ, ಮೆಣಸಿನಕಾಯಿಗೂ ಅದೇ, ವೈಶಾಖದ ಹಗಲಿಗೂ ಅದೇ, ಕದ್ದ ಮಾಲಿಗೂ ಅದೇ! ನಮ್ಮಲ್ಲಿ ಕಾಫಿ ಬಿಸಿ, ಮೆಣಸಿನಕಾಯಿ ಖಾರ, ಹವೆಗೆ ಸೆಕೆ, ಕೋಳಿ ಮೊಟ್ಟೆಗೆ ಕೊಡುವುದು ಕಾವು, ಪರಂಗಿಹಣ್ಣು ತಿಂದ ಮೈಗೆ ಉಷ್ಣ. ಒಂದರ ಮನೆಗೆ ಇನ್ನೊಂದು ಕಾಲಿಡದು.

ವಿಜ್ಞಾನ ಇಂಗ್ಲಿಷಿನ ಪಕ್ಷ ವಹಿಸೀತು. ಸುಡುವ ಶಾಖಕ್ಕೂ ಮೆಣಸಿನಕಾಯಿಯ ಕ್ಯಾಪ್ಸೈಸಿನ್ನಿಗೂ ನರದಲ್ಲಿ ಎಚ್ಚರಗೊಳ್ಳುವ ಗ್ರಾಹಕ ಒಂದೇ ಎಂದು ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ೧೯೯೭ರಲ್ಲಿ ತೋರಿಸಿದರು. ೨೦೨೧ರ ನೊಬೆಲ್ ಪಾರಿತೋಷಕದಲ್ಲಿ ಆ ಶೋಧಕ್ಕೂ ಪಾಲು ದೊರೆಯಿತು. ಆಗಲಿ. ನರಕ್ಕೆ ತಿಳಿಯದ ಭೇದ, ‘ಹುಳಿ ಬಿಸಿಯಾಗಿದೆ, ಖಾರ ಸಾಲದು’ ಎನ್ನುವ ಅಡಿಗೆಯವನಿಗೆ ತಿಳಿದಿದೆ.

ಯಾರೂ ಹಿಡಿಯಲೊಲ್ಲದ ಸಮಸ್ಯೆಗೆ ಅವರದು ‘ಬಿಸಿ ಆಲೂಗಡ್ಡೆ’: ಕೈಯಿಂದ ಕೈಗೆ ದಾಟಿಸಿಬಿಡುವ ಪದಾರ್ಥ. ನಮ್ಮದು ಬಾಯೊಳಗಿನ ಬಿಸಿತುಪ್ಪ; ನುಂಗಲಾಗದು, ಉಗುಳಲಾಗದು, ದಾಟಿಸುವ ಮಾತಂತೂ ಇಲ್ಲವೇ ಇಲ್ಲ. ನಮ್ಮ ಸರಕಾರಗಳ ಪಾಡಿಗೆ ಯಾವುದು ಹೆಚ್ಚು ಹೊಂದುತ್ತದೆಂದು ವಾಚಕರೇ ಹೇಳಲಿ. ಇಂಥ ತುಪ್ಪ ಮನೆಯಲ್ಲಿರುವಾಗ ಪತ್ರಿಕೆಗಳಲ್ಲಿ ಆಲೂಗಡ್ಡೆ ಬೇಯಿಸುವುದೇತಕ್ಕೆ? ಇಂಗ್ಲಿಷ್ ಬಲ್ಲವನು ಅದನ್ನು ಮನಸ್ಸಿನಲ್ಲೇ ಹಿಂದಕ್ಕೆ ತರ್ಜುಮೆ ಮಾಡಿಕೊಂಡು ಅರ್ಥ ತಿಳಿದಾನು. ಕನ್ನಡವೊಂದನ್ನೇ ಬಲ್ಲವನ ಗತಿ? ತನ್ನ ಭಾಷೆಯ ಪತ್ರಿಕೆಯನ್ನು ಓದಲು ಅವನು ಪರಭಾಷೆ ಕಲಿತು ಬರಬೇಕೆ? ಪತ್ರಿಕೆಗೆ ಅವನೂ ಅಷ್ಟೇ ಕಾಸು ಕೊಟ್ಟಿದ್ದಾನೆ.

ಹೊರಗಿನಿಂದ ತಂದದ್ದೆಲ್ಲ ಹೇಯವೆಂದು ನನ್ನ ವಾದವಲ್ಲ. ಬೇಗ ಮಾರಿಹೋಗುವ ಸರಕಿಗೆ ಅವರು ಬಿಸಿ ಕೇಕನ್ನು ಹೋಲಿಸುತ್ತಾರೆ. ಆ ಕೇಕನ್ನು ಪಕ್ಕಕ್ಕಿಟ್ಟು ‘ಬಿಸಿ ದೋಸೆಯಂತೆ ಖರ್ಚಾಯಿತು’ ಎಂದವನು ಯಾವನೋ, ಅವನ ಕೈಗೆ ಕಡಗ ತೊಡಿಸಬೇಕು. ವಾಷಿಂಗ್ಟನ್ನಿಗೂ ಮಾಸ್ಕೋವಿಗೂ ನಡುವೆ ೧೯೬೩ರಲ್ಲಿ ಹೂಡಿದ ‘ಹಾಟ್‌ಲೈನ್’ ಹಾಗೆಯೇ ಇರಲಿ, ನಷ್ಟವಿಲ್ಲ. ಅದನ್ನು ‘ಬಿಸಿತಂತಿ’ ಎಂದು ಅಚ್ಚುಹಾಕಿದರೆ ಮಾತ್ರ ವಿದ್ಯುತ್ ಇಲಾಖೆಯ ಲೈನ್‌ಮನ್ ಏಣಿ ಹೊತ್ತು ಓಡಿಬಂದಾನು.