ಕಣ್ಣಿಲ್ಲದೆ ಬಣ್ಣ ಅರಿಯುವ ಜೀವಿ

ನಂಜನಗೂಡು, ಟಿ. ನರಸೀಪುರ ಕಡೆಯ ಭತ್ತದ ಗದ್ದೆಗಳಲ್ಲಿ ಕಬಿನಿ ನಾಲೆಯ ನೀರು ನಿಂತಾಗ ನೀಲಿ ಹಸಿರು ಪಾಚಿ ಕಾಣುತ್ತದೆ. ಲೋಳೆಯೆಂದು ಮೂಗು ಮುರಿಯುವವರೇ ಹೆಚ್ಚು. ನಿಜವಾಗಿ ಅದು ಪಾಚಿಯಲ್ಲ, ಬ್ಯಾಕ್ಟೀರಿಯಾ. ಅದರ ಹಲವು ಜಾತಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಒಂದು ಬೆಳೆಗೆ ಹೆಕ್ಟೇರಿಗೆ 20ರಿಂದ 30 ಕಿಲೋ ಎಂದು ಅಂದಾಜು.

ಈ ಜೀವಿಗೆ ಬೆಳಕೇ ಅನ್ನ. ಆದರೆ ಪೈರು ಎತ್ತರವಾದಂತೆ ಎಲೆಗಳು ಕೆಂಪು ಬೆಳಕನ್ನು ಹೀರಿಕೊಳ್ಳುತ್ತವೆ. ಕೆಳಗಿನ ನೆರಳಿನಲ್ಲಿ ಹಸಿರು ಬೆಳಕಿನ ಪಾಲು ಹೆಚ್ಚುತ್ತದೆ. ಕಣ್ಣಿಲ್ಲದ ಜೀವಿಗೆ ಇದು ತಿಳಿಯುವುದು ಹೇಗೆ?

ಇವುಗಳಲ್ಲಿ ಕೆಲವಕ್ಕೆ ಬೆಳಕನ್ನು ಅರಿಯುವ ಪ್ರೋಟೀನಿದೆ. ಟಾಲಿಪೋತ್ರಿಕ್ಸ್ ಗುಂಪಿನ ಒಂದು ತಳಿಯಲ್ಲಿ ಅಮೆರಿಕದ ವಿಜ್ಞಾನಿಗಳು 1996ರಲ್ಲಿ ಅದನ್ನು ಗುರುತಿಸಿದರು. ಅದರ ಮಡಿಕೆಯೊಳಗೆ ಬಣ್ಣದ ಅಣುವೊಂದು ಕುಳಿತಿದೆ. ಮಗು ಬಿದ್ದು ಕಂದಿದ ಜಾಗ ಕೆಲವು ದಿನಗಳಲ್ಲಿ ಹಸಿರಾಗುತ್ತದಲ್ಲ, ಆ ಹಸಿರು ಬಿಲಿವರ್ಡಿನ್‌ನಿಂದಲೇ ತಯಾರಾದ ಅಣು ಇದು! ಬೆಳಕು ತಗುಲಿದೊಡನೆ ಅಣುವಿನ ಒಂದು ತುದಿ ಹೊರಳುತ್ತದೆ, ಪ್ರೋಟೀನಿನ ಆಕಾರವೂ ಬದಲಾಗುತ್ತದೆ. ಕೆಂಪು ಬೆಳಕಾದರೆ ಅದು ಫಾಸ್ಫೇಟನ್ನು ಪಕ್ಕದ ಪ್ರೋಟೀನಿಗೆ ದಾಟಿಸುತ್ತದೆ, ಅದು ಇನ್ನೊಂದಕ್ಕೆ. ಹೀಗೆ ಸುದ್ದಿ ಜೀನ್‌ಗಳನ್ನು ಮುಟ್ಟಿ ನೀಲಿ ವರ್ಣದ್ರವ್ಯ ತಯಾರಾಗುತ್ತದೆ. ಹಸಿರು ಬೆಳಕಿನಲ್ಲಿ ಈ ರವಾನೆ ತಗ್ಗುತ್ತದೆ. ಆಗ ಹಸಿರನ್ನು ಹೀರಬಲ್ಲ ಕೆಂಪು ವರ್ಣದ್ರವ್ಯ ಹೆಚ್ಚುತ್ತದೆ. ನೆರಳಿಗೆ ಬಿದ್ದರೂ ಅನ್ನ ತಪ್ಪುವುದಿಲ್ಲ.

ಇಷ್ಟು ಜಾಣ ಜೀವಿಯೂ ಯೂರಿಯಾ ಅತಿಯಾದರೆ ಸಾರಜನಕ ಹಿಡಿಯುವ ಕೆಲಸವನ್ನು ಕೈಬಿಡುತ್ತದೆ. ಸಿದ್ಧವಾಗಿ ಸಿಕ್ಕಿದ್ದಕ್ಕೆ ದುಡಿಯುವವರು ಯಾರು? ಮುಂದಿನ ಸಲ ಗೊಬ್ಬರದ ಚೀಲ ಬಿಚ್ಚುವ ಮೊದಲು ಗದ್ದೆಯ ನೀರನ್ನೊಮ್ಮೆ ಬಗ್ಗಿ ನೋಡಿ.