ಕುರುಹೂ ಕರ್ತೃವೂ

ದೇಶದ ಗಣಕಯಂತ್ರಗಳ ಮೇಲೆ ದಾಳಿಯಾಯಿತೆಂಬ ವಾರ್ತೆ ಬಂದೊಡನೆ, ‘ಇದು ಇಂತಹ ರಾಷ್ಟ್ರದ ಕೃತ್ಯ’ ಎಂಬ ತೀರ್ಪು ಅದರ ಬೆನ್ನಿಗೇ ಹೊರಡುವುದು ಈಗ ವಾಡಿಕೆಯಾಗಿದೆ. ದಾಳಿಯಲ್ಲಿ ದೊರೆತ ಕುರುಹನ್ನೇ ದಾಳಿಕಾರನ ಹೆಸರೆಂದು ಓದುವ ಈ ಆತುರವು ಅಪಾಯಕರವಾದುದು.

ಕುರುಹು ಬೇರೆ, ಕರ್ತೃ ಬೇರೆ ಎಂಬುದಕ್ಕೆ ನಮ್ಮ ಪಟ್ಟದಕಲ್ಲಿನ ಕಲ್ಲೇ ಸಾಕ್ಷಿ. ಅಲ್ಲಿಯ ಪಾಪನಾಥ ದೇವಾಲಯದ ಶಿಖರವು ಔತ್ತರೇಯವಾದ ನಾಗರ ಶೈಲಿಯದು. ಅದನ್ನಷ್ಟೇ ಕಂಡವನು ಉತ್ತರದ ಶಿಲ್ಪಿಗಳು ಬಂದು ಕಟ್ಟಿದರೆಂದು ಹೇಳಿಬಿಟ್ಟಾನು. ಆದರೆ ಅಲ್ಲಿಯ ಶಾಸನವು ಹೆಸರಿಸುವ ಚಟ್ಟರ ರೇವಡಿ ಓವಜ್ಜನು, ತೆಂಕಣ ನಾಡಿನ ಕಟ್ಟಡಗಳನ್ನು ನಿರ್ಮಿಸಿದ ಸರ್ವಸಿದ್ಧಿ ಆಚಾರ್ಯರ ಬಳಗದವನು. ಶೈಲಿಯನ್ನು ಯಾರಾದರೂ ಎರವಲು ತರಬಹುದು. ಶಿಖರ, ಭಿತ್ತಿ, ಲಿಪಿ, ಶಾಸನ ಇವೆಲ್ಲವನ್ನೂ ಕೂಡಿಸಿ ತೂಗುವ ವಿವೇಕಕ್ಕೆ ಮಾತ್ರ ಕರ್ತೃವು ಗೋಚರಿಸುತ್ತಾನೆ.

ಗಣಕಲೋಕದಲ್ಲಾದರೋ ಎರವಲಿನ ಜೊತೆಗೆ ಮೋಸವೂ ಉಂಟು. 2018ರ ಫೆಬ್ರುವರಿ 9ರಂದು, ದಕ್ಷಿಣ ಕೊರಿಯದಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡೆಗಳ ಉದ್ಘಾಟನೆಯ ವೇಳೆಗೇ ಕ್ರೀಡಾವ್ಯವಸ್ಥೆಯ ಗಣಕಜಾಲವು ಕೆಟ್ಟಿತು. ಕೆಲವರು ಉತ್ತರ ಕೊರಿಯವೆಂದರು, ಕೆಲವರು ಚೀನವೆಂದರು, ಮತ್ತೆ ಕೆಲವರು ರಷ್ಯವೆಂದರು. ದಾಳಿಯ ತಂತ್ರಾಂಶದಲ್ಲಿ ಉತ್ತರ ಕೊರಿಯದ್ದೆಂದು ಹೆಸರಾದ ತಂಡದ ಮುದ್ರೆಯೇನೋ ಇತ್ತು. ಆದರೆ ಕ್ಯಾಸ್ಪರ್ಸ್ಕಿ ಸಂಸ್ಥೆಯ ಪರೀಕ್ಷಕರು ಒಳಹೊಕ್ಕು ನೋಡಲಾಗಿ, ಆ ಮುದ್ರೆ ಹೇಳುವ ಉಪಕರಣಕ್ಕೂ ತಂತ್ರಾಂಶದ ನಿಜವಾದ ರಚನೆಗೂ ಹೊಂದಿಕೆಯಿರಲಿಲ್ಲ. ಅದು ಬೇಕೆಂದೇ ಅಂಟಿಸಿದ ಮುದ್ರೆ! 2020ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆಯು ಈ ಕೃತ್ಯದ ಆರೋಪವನ್ನು ರಷ್ಯದ ಸೇನಾ ಗುಪ್ತಚರ ಅಧಿಕಾರಿಗಳ ಮೇಲೆ ಹೊರಿಸಿತು. ಕದನವಿರಾಮವೊಂದನ್ನೇ ನಂಬಿ ನಿಂತಿರುವ ಎರಡು ಕೊರಿಯಗಳ ನಡುವೆ, ಮೊದಲ ಕುರುಹನ್ನು ನಂಬಿದ್ದರೆ ಆಗಬಹುದಾಗಿದ್ದ ಅನರ್ಥವನ್ನು ವಾಚಕರೇ ಊಹಿಸಲಿ.

ನಮ್ಮ ದೇಶದ ಅನುಭವವೂ ಇದೇ. 2020ರ ಅಕ್ಟೋಬರ್ 12ರಂದು ಮುಂಬಯಿಯ ವಿದ್ಯುತ್ತು ನಿಂತಿತು. ಭಾರತದ ವಿದ್ಯುಜ್ಜಾಲದಲ್ಲಿ ಚೀನೀಯರ ಸುಳಿವಿದೆಯೆಂದು ಮರುವರ್ಷ ಅಮೆರಿಕದ ಒಂದು ಸಂಸ್ಥೆ ವರದಿಮಾಡಿತು. ಆದರೆ ಮುಂಬಯಿಯ ಘಟನೆಯೊಡನೆ ಅದರ ಸಂಬಂಧವು ಸಿದ್ಧವಾಗಿಲ್ಲವೆಂದೂ ಬರೆಯಿತು. ಆ ಎಚ್ಚರಿಕೆಯ ಮಾತು ಗದ್ದಲದಲ್ಲಿ ಮುಳುಗಿತು. ಗಣಕದಾಳಿಯ ಶಂಕೆಯಿದೆಯೆಂದು ಮಹಾರಾಷ್ಟ್ರ ಸರಕಾರ, ಮಾನುಷ ಪ್ರಮಾದವೆಂದು ಕೇಂದ್ರ ಸಚಿವರು! ಪ್ರಜೆಯು ಯಾರನ್ನು ನಂಬಬೇಕು?

ಅಪರಾಧಿಯನ್ನು ಹೆಸರಿಸಲು ಅಂಜುತ್ತ ಕೂಡುವುದೂ ಶತ್ರುವಿಗೆ ಅನುಕೂಲವೇ ಸರಿ. ಪೂರ್ಣ ನಿಶ್ಚಯವು ಇಂತಹ ವಿಷಯದಲ್ಲಿ ಅಪರೂಪ. ಆದಕಾರಣವೇ ಕಂಡದ್ದೆಷ್ಟು, ಊಹಿಸಿದ್ದೆಷ್ಟು, ನಿಶ್ಚಯವೆಷ್ಟು ಎಂಬುದನ್ನು ಸರಕಾರದವರು ಬೇರ್ಪಡಿಸಿ ಹೇಳತಕ್ಕದ್ದು. ಗಣಕಗಳ ದಿನಚರಿಯನ್ನು 180 ದಿನ ಕಾದಿಡಬೇಕೆಂಬ 2022ರ ಕೇಂದ್ರಾಜ್ಞೆಯು ಜಿಲ್ಲಾ ಕಚೇರಿಗಳಲ್ಲಿಯೂ ನಡೆಯತಕ್ಕದ್ದು. ದಾಖಲೆಯಿಲ್ಲದಲ್ಲಿ ವಿವೇಕಕ್ಕೆ ತೂಗಲು ಏನಿದೆ? 2001ರಲ್ಲಿಯೇ ಬೆಂಗಳೂರಿನಲ್ಲಿ ಸೈಬರ್ ಪೊಲೀಸ್ ಠಾಣೆಯನ್ನು ತೆರೆದ ನಾಡು ನಮ್ಮದು. ಯಂತ್ರ ಕೊಳ್ಳುವಷ್ಟೇ ಆಸ್ಥೆಯಿಂದ ನುರಿತ ಪರೀಕ್ಷಕರನ್ನು ಬೆಳೆಸಿ, ಅವರನ್ನು ಅದೇ ಕೆಲಸದಲ್ಲಿ ನಿಲ್ಲಿಸಬೇಕು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದರು ಹಿರಿಯರು. ಕಣ್ಣಿಗೆ ಕಾಣದ ಶತ್ರುವಿನ ವಿಷಯದಲ್ಲಿ ಈ ಮಾತು ಇಮ್ಮಡಿಯಾಗಿ ಸಲ್ಲುತ್ತದೆ.