ಸೋತವನ ಕತೆಯೂ ರೇಡಿಯೋದಲ್ಲಿ ಬರಲಿ

ರೇಡಿಯೋದ ಕೃಷಿ ಕಾರ್ಯಕ್ರಮಗಳನ್ನು ಹುಡುಗನಾಗಿದ್ದಾಗಿನಿಂದ ಕೇಳುತ್ತಿದ್ದೇನೆ. ಉಪಯೋಗ ಆಗಿಲ್ಲ ಅನ್ನಲಾರೆ. ಆದರೆ ನಾನು ಕೇಳಿದ್ದರಲ್ಲಿ ಮಾತಾಡುವವರು ಹೆಚ್ಚಾಗಿ ಇಬ್ಬರೇ: ವಿಜ್ಞಾನಿ, ಇಲ್ಲವೇ ಗೆದ್ದ ರೈತ.

ಚಿಗಟೇರಿಯ ನನ್ನ ಖುಷ್ಕಿ ಹೊಲದಲ್ಲಿ ಮೂರು ಬೋರು ಕೊರೆಸಿದೆ. ಮೂರರಲ್ಲೂ ಬಂದದ್ದು ಧೂಳು. ಜೋಡೆತ್ತು ಮಾರಿದೆ. ಆಮೇಲೆ ಗೊತ್ತಾಯ್ತು, ಪಕ್ಕದೂರಿನವನೊಬ್ಬ ನನಗಿಂತ ಮೊದಲೇ ಹಿಂಗೇ ಸೋತಿದ್ದ. ನಾಚಿಕೆಗೆ ಬಾಯಿ ಬಿಟ್ಟಿರಲಿಲ್ಲ. ನಾನೂ ಬಿಟ್ಟಿರಲಿಲ್ಲ, ಈಗ ಬರೀತಿದ್ದೀನಿ.

ರೇಡಿಯೋ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಸಂಘಸಂಸ್ಥೆಗಳು, ಕೃಷಿ ವಿಜ್ಞಾನ ಕೇಂದ್ರಗಳು ಸಮುದಾಯ ರೇಡಿಯೋ ನಡೆಸಲು 2006ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯವರು ‘ನಮ್ಮ ಧ್ವನಿ’ಯನ್ನು ಕೇಬಲ್ ಮೂಲಕ ಮನೆಮನೆಗೆ ಕೇಳಿಸಿದ್ದರು. ನಮ್ಮ ಸೀಮೆಗೆ ಯಾಕಾಗಬಾರದು?

ವಾರಕ್ಕೊಂದು ವಿಷಯ ಇಟ್ಟುಕೊಳ್ಳಲಿ. ಒಂದು ವಾರ ಸಾಲ, ಒಂದು ವಾರ ಬೋರು, ಒಂದು ವಾರ ಮಾರಿದ ಎತ್ತು. ಅನುಭವಿಸಿದವರೇ ತಮ್ಮ ಮಾತಲ್ಲಿ ಹೇಳಲಿ. ಅಂಗೈಲಿ ತೆಂಗಿನಕಾಯಿ ಇಟ್ಟುಕೊಂಡು ನನಗೆ ನೀರು ತೋರಿಸಿದವನ ಕತೆ ನಾನು ಹೇಳಿದರೆ ಜನ ನಗ್ತಾರೆ. ನಗಲಿ. ನಕ್ಕವನು ತನ್ನ ಹೊಲಕ್ಕೆ ಬೋರು ಲಾರಿ ಕರೆಯುವ ಮುಂಚೆ ಒಂದು ದಿನ ಯೋಚಿಸಿದರೆ ಸಾಕು.